ಜಾರದ ಕುಣಿಕೆ

ಹೋದ ವಾರ ನಾನೊಂದು ಹಸುವನ್ನು ಕೊಂದೇಬಿಡುತ್ತಿದ್ದೆ. ನಂಬಿ!

ಬತ್ತಲಗುಂಡು ಸಂತೆಯಲ್ಲಿ ಕೊಂಡ ಹಸು. ಮಾರಿದವನು ನಮ್ಮ ಕಡೆಯ ಪದ್ಧತಿಯಂತೆ ತನ್ನ ಹಗ್ಗ ಬಿಚ್ಚಿಕೊಂಡು ಹೊರಟ. (ಹಗ್ಗ ಕೊಟ್ಟರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳಂತೆ.) ಕೊಂಡವನು ಹೊಸ ಹಗ್ಗ ತಂದು ಕೊರಳಿಗೆ ಕುಣಿಕೆ ಹಾಕಬೇಕು. ಹಗ್ಗವೇನೋ ತಂದಿದ್ದೆ. ಕುಣಿಕೆ?

ಇಷ್ಟು ವರ್ಷ ಆ ಕೆಲಸ ನನ್ನ ಹೆಂಡತಿಯದು. ಸಂತೆಗೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡೇ ಬರುತ್ತಿದ್ದಳು. ನಾನು ಹಲ್ಲು ನೋಡಿ, ಸುಳಿ ನೋಡಿ ಲೆಕ್ಚರ್ ಕೊಡುವಷ್ಟರಲ್ಲಿ ಕಟ್ಟಿ ಮುಗಿಸಿರುತ್ತಿದ್ದಳು. ಹೇಗೆ ಕಟ್ಟುತ್ತಾಳೆಂದು ಒಮ್ಮೆಯಾದರೂ ನೋಡಿದೆನೇ? ಎಲ್ಲಿ ಬಂತು! ಅವಳು ತೀರಿಹೋಗಿ ಎಂಟು ತಿಂಗಳಾಯಿತು.

ಮೇಲೆ ಬೆಟ್ಟದಲ್ಲಿ ಇಂಗ್ಲಿಷ್ ದೊರೆಗಳು ಇಡೀ ಪೆರಿಯಾರ್ ಹೊಳೆಗೇ ಅಡ್ಡಗೋಡೆ ಎಬ್ಬಿಸುತ್ತಿದ್ದಾರೆ. ವಾರವಾರ ಪೇಪರಿನಲ್ಲಿ ಅವರಿಗೂ ಬುದ್ಧಿ ಹೇಳುವ ನನಗೆ ಒಂದು ಹಸು ಕಟ್ಟಲು ಬರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಮರ್ಯಾದೆ ಅಡ್ಡ ಬಂತು. ಏನೋ ಒಂದು ಗಂಟು ಹಾಕಿ ಹೊರಟೆ.

ರೋಡಿನಲ್ಲಿ ಎದುರಿಗೆ ಗಾಡಿ ಬಂತು. ಹಸು ಬೆದರಿ ಎಳೆಯಿತು. ಎಳೆದಷ್ಟೂ ಕುಣಿಕೆ ಬಿಗಿಯಿತು. ನಾಲಿಗೆ ಹೊರಬಂದು, ಮಂಡಿಯೂರಿ ಬಿತ್ತು. ಬಿಚ್ಚಲು ಹೋದರೆ ಗಂಟು ಕಲ್ಲಿನಂತೆ ಬಿಗಿದು ಕೂತಿತ್ತು.

ಹುಲ್ಲು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಹೊರೆ ಬಿಸಾಡಿ ಓಡಿಬಂದಳು. ಕುಡುಗೋಲಿನಿಂದ ಹಗ್ಗ ಕೊಯ್ದಳು. ಹಸು ಉಸಿರೆಳೆಯಿತು. ಆಮೇಲೆ ನನಗೆ ಬಿತ್ತು ಬೈಗುಳ. ಅದೂ ಈ ತಮಿಳು ಸೀಮೆಯಲ್ಲಿ, ನಮ್ಮ ಮನೆಮಾತು ಕನ್ನಡದಲ್ಲೇ!

“ಅಯ್ಯೋ ಪಾವಿ! ಎಳುದ್ರೆ ಬಿಗಿಯೋ ಸುರುಕ್ಕು ಹಾಕವ್ನೆ ನೋಡು! ಇದೇನು ಹಸುವಾ, ಮೊಲವಾ? ಮನೇಲಿ ಹೆಂಗ್ಸು ಇಲ್ವಾ ತಂಬಿ?”

“ಇದ್ಲಕ್ಕಾ” ಎಂದೆ.

ಮುದುಕಿ ಕುಡುಗೋಲು ಕೆಳಗಿಟ್ಟಳು. ಉಳಿದ ಹಗ್ಗ ಎತ್ತಿಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

“ಇಲ್ನೋಡು. ಮೊದ್ಲು ಚಿಕ್ಕ ಕಣ್ಣು ಮಾಡು. ತುದೀನ ಕುತ್ತಿಗೆ ಬಳಸಿ, ಕಣ್ಣಿನ ಅಡೀಲಿಂದ ಮೇಲಕ್ಕೆ ತಾ. ಉದ್ದ ಹಗ್ಗದ ಹಿಂದೆ ಸುತ್ತಿ, ಅದೇ ಕಣ್ಣಾಗೆ ಇಳ್ಸು. ಈಗ ಎಳಿ. ಎಷ್ಟು ಎಳುದ್ರೂ ಕುತ್ತಿಗೆ ಒತ್ತಾಕಿಲ್ಲ.”

ನಾಲ್ಕು ಸಲ ತಪ್ಪಿದೆ. ಐದನೇ ಸಲ ಗಂಟು ಕೂತಿತು. ಎಳೆದು ನೋಡಿದೆ, ಜಾರಲಿಲ್ಲ. ನನ್ನ ಖುಷಿ ಕೇಳಬೇಡಿ!

ಮನೆಗೆ ಬಂದು ಹಸುವಿಗೆ ನೀರಿಟ್ಟೆ. ನೆನಪಿದೆಯೋ ಇಲ್ಲವೋ ಎಂದು ಇನ್ನೊಂದು ಹಗ್ಗ ತೆಗೆದು ಕಟ್ಟಿದೆ. ಸರಿಯಾಗಿಯೇ ಬಂತು. “ಲೇ, ಇಲ್ಲಿ ಬಂದು ನೋಡೇ!” ಎಂದು ಒಳಗೆ ಕೂಗಿಯೇಬಿಟ್ಟೆ.

ಹಸು ಮಾತ್ರ ತಿರುಗಿ ನೋಡಿತು. ಅಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬನೇ ಎಂಬುದು ಎಂಟು ತಿಂಗಳಲ್ಲಿ ಅಷ್ಟು ಚುಚ್ಚಿರಲಿಲ್ಲ.

ಕಲಿತದ್ದನ್ನು ತೋರಿಸಲು ಮನೆಯಲ್ಲಿ ಯಾರೂ ಇಲ್ಲದವನು ಪೇಪರಿಗೆ ಬರೆಯದೆ ಇನ್ನೇನು ಮಾಡಬೇಕು, ನೀವೇ ಹೇಳಿ?