ಪಿಳ್ಳಪ್ಪ ತುಂಬಿಸಿದ ಮಡಿಲು

ಗುಂಡಮಾರನಹಳ್ಳಿಯ ಹಾಲಿನ ಡೈರಿಯಲ್ಲಿ ಪಿಳ್ಳಪ್ಪ ಇಪ್ಪತ್ತೆರಡು ವರ್ಷ ಹಾಲಿನ ಡಿಗ್ರಿ ನೋಡಿದ. ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು, ಅದರೊಳಗೆ ಗಾಜಿನ ಕಡ್ಡಿ ಇಳಿಬಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು 'ಇಪ್ಪತ್ತಾರು' ಎಂದನೆಂದರೆ ಇಪ್ಪತ್ತಾರೇ. ಒಮ್ಮೆ ತನ್ನ ಹೆಂಡತಿ ಕದಿರಮ್ಮ ತಂದ ಹಾಲನ್ನೇ ನೀರಾಗಿದೆಯೆಂದು ವಾಪಸು ಕಳಿಸಿ, ಎರಡು ದಿನ ಸಾರಿಲ್ಲದ ಮುದ್ದೆ ನುಂಗಿದ ಭೂಪ. ಇಂಥವನು ಸುಳ್ಳು ಹೇಳುತ್ತಾನೆಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಆದರೆ ಒಂದು ಸಲ ಹೇಳಿದ. ಬಾಯಿಬಿಟ್ಟು ಹೇಳಲಿಲ್ಲ, ಅಕ್ಕಿ ಬೆಲ್ಲ ಕೊಬ್ಬರಿಯಲ್ಲಿ ಹೇಳಿದ. ಊರಿಗೆ ಊರೇ ನಂಬಿತು.

ಪಿಳ್ಳಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಫುಟ್‌ಬಾಲು. ನಮ್ಮ ಕಡೆ ಕಬಡ್ಡಿ, ವಾಲಿಬಾಲು ಬಿಟ್ಟರೆ ಬೇರೆ ಆಟಕ್ಕೆ ಮರ್ಯಾದೆ ಕಮ್ಮಿ. ಇವನು ಹುಡುಗನಾಗಿದ್ದಾಗ ಶಿವಾಜಿನಗರದ ಮಾರುಕಟ್ಟೆಗೆ ದ್ರಾಕ್ಷಿ ಹಾಕಲು ಅಪ್ಪನ ಜೊತೆ ಹೋಗಿ, ಅಲ್ಲೆಲ್ಲೋ ಮೈದಾನದಲ್ಲಿ ಪಂದ್ಯ ನೋಡಿ ಬಂದಿದ್ದ. ಅಂದು ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಏರ್‌ಪೋರ್ಟು ಬಂದಮೇಲೆ ಅದಕ್ಕೊಂದು ದಾರಿಯಾಯಿತು. ಊರಿನ ಅರ್ಧ ಹೊಲ ಕಾಂಪೌಂಡಿನ ಒಳಗೆ ಹೋಯಿತು, ಉಳಿದ ಅರ್ಧದಲ್ಲಿ ಬಾಡಿಗೆ ರೂಮುಗಳು ಎದ್ದವು. ಆ ರೂಮುಗಳಿಗೆ ಬಂದ ಮಲಯಾಳಿ, ಮಣಿಪುರಿ ಹುಡುಗರು ಸಂಜೆ ಗುಂಡುತೋಪಿನಲ್ಲಿ ಚೆಂಡು ಒದೆಯಲು ಶುರುಮಾಡಿದರು. ನಮ್ಮೂರಿನ ಹುಡುಗರೂ ಸೇರಿಕೊಂಡರು. ಪಿಳ್ಳಪ್ಪ ಅದನ್ನೊಂದು ತಂಡ ಮಾಡಿದ. ತಾನೇ ಸುಣ್ಣದಲ್ಲಿ ಗೆರೆ ಎಳೆದ, ತಾನೇ ಬಲೆ ಕಟ್ಟಿದ, ತಾನೇ ಮ್ಯಾನೇಜರ್ ಅಂತ ಹೇಳಿಕೊಂಡ. ಬೇಡವೆನ್ನುವವರು ಯಾರೂ ಇರಲಿಲ್ಲ.

ಆ ತಂಡಕ್ಕೆ ನೆಲಮಂಗಲದ ಕಡೆಯಿಂದ ಬಂದು ಸೇರಿದವನು ಭೀಮರಾಜ. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ, ದೇವನಹಳ್ಳಿಯಲ್ಲಿ ಬಾಡಿಗೆ ಮನೆ. ಕಾಲಿಗೆ ಚೆಂಡು ಸಿಕ್ಕಿತೆಂದರೆ ಗೋಲಿನ ತನಕ ಬಿಡುತ್ತಿರಲಿಲ್ಲ. ಮಾತು ಕಮ್ಮಿ, ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲುವ ಹುಡುಗ. ಪಿಳ್ಳಪ್ಪನ ತಂಗಿ ಮುನಿರತ್ನಮ್ಮ ಗಂಡ ಸತ್ತಮೇಲೆ ಮಗಳು ಶಿಲ್ಪಳನ್ನು ಕರೆದುಕೊಂಡು ಅಣ್ಣನ ಮನೆಯಲ್ಲೇ ಇದ್ದಳು. ಹುಡುಗಿಯನ್ನು ಎತ್ತಿ ಆಡಿಸಿದವನು, ಸ್ಕೂಲಿಗೆ ಸೇರಿಸಿದವನು, ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ಸೋದರಮಾವನೇ. ಅವನಿಗೆ ಭೀಮರಾಜ ಕಣ್ಣಿಗೆ ಬಿದ್ದ ಮೇಲೆ ಬೇರೆ ಗಂಡು ನೋಡುವ ಮಾತೇ ಬರಲಿಲ್ಲ. ಹುಡುಗನ ಆಟ ನೋಡಿ ಹೆಣ್ಣು ಕೊಟ್ಟ. ಮನೆತನ ವಿಚಾರಿಸುವವರು ನಾಲ್ಕು ಕಡೆ ವಿಚಾರಿಸುತ್ತಾರೆ, ಇವನು ಗೋಲುಗಳನ್ನು ಎಣಿಸಿ ಸುಮ್ಮನಾದ. ಮದುವೆಯಾದ ಮರುವರ್ಷ ಬೆಂಗಳೂರಿನ ಕ್ಲಬ್ಬೊಂದು ಭೀಮರಾಜನನ್ನು ಲೀಗಿಗೆ ತೆಗೆದುಕೊಂಡಿತು. ಪಿಳ್ಳಪ್ಪ ಡೈರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ.

ಆ ವರ್ಷದ ಗೌರಿ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಶಿಲ್ಪ ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ. ಕೈಯಲ್ಲಿ ಒಂದೇ ಬ್ಯಾಗು.

"ಮಾವ, ನಾನು ಅಲ್ಲಿಗೆ ಇನ್ನ ಹೋಗಲ್ಲ," ಎಂದಳು.

"ಯಾಕವ್ವ, ಏನಾಯ್ತು?"

"ಅವ್ರ ಜೊತೆ ಆಗಲ್ಲ ಮಾವ. ಅಷ್ಟೇ."

ಅಮ್ಮ ಕೇಳಿದರೂ ಅಷ್ಟೇ, ಕದಿರಮ್ಮ ಕೇಳಿದರೂ ಅಷ್ಟೇ. ಮಾರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅವಳು ಬಗ್ಗಿ ಕರುವಿನ ಹಗ್ಗ ಬಿಚ್ಚುತ್ತಿದ್ದಳು. ಪಿಳ್ಳಪ್ಪ ಬಾಗಿಲಿಗೆ ಬಂದ. ದುಪಟ್ಟ ಜಾರಿತ್ತು. ಹೆಗಲಿನಿಂದ ಬೆನ್ನಿಗೆ ಇಳಿದ ಬಾಸುಂಡೆಗಳು ಮೂರು, ಬೆಲ್ಟಿನ ಅಗಲ. ಒಂದರ ತುದಿಯಲ್ಲಿ ಬಕಲು ಕಚ್ಚಿದ ಗುರುತು. ಅವಳು ಸದ್ದು ಕೇಳಿ ಸರಕ್ಕನೆ ದುಪಟ್ಟ ಎಳೆದುಕೊಂಡು ತಿರುಗಿದಳು. ಅಷ್ಟರಲ್ಲಿ ಪಿಳ್ಳಪ್ಪ ಕರುವಿನ ಕಡೆ ನೋಡುತ್ತಿದ್ದ. "ಇದಕ್ಕೆ ಉಣ್ಣೆ ಹುಳ ಹತ್ತೈತಲ್ಲ, ಔಷಧಿ ಹಾಕ್ಬೇಕು," ಎಂದ. ಅವಳು "ಹೂಂ ಮಾವ," ಎಂದಳು.

ಹಬ್ಬ ಕಳೆದು ಬರುವ ಭಾನುವಾರ ತಾಲ್ಲೂಕು ಮಟ್ಟದ ಫೈನಲ್ ಪಂದ್ಯ. ಗುಂಡಮಾರನಹಳ್ಳಿ ಫೈನಲ್ಲಿಗೆ ಬಂದಿದ್ದು ಅದೇ ಮೊದಲು. ಕ್ಲಬ್ಬಿನವರ ಕೈಕಾಲು ಹಿಡಿದು ಆ ಒಂದು ದಿನಕ್ಕೆ ಭೀಮರಾಜನನ್ನು ಕಳಿಸಲು ಒಪ್ಪಿಸಿದ್ದವನು ಪಿಳ್ಳಪ್ಪನೇ. ಹೆಂಡತಿ ಜಗಳವಾಡಿ ತವರಿಗೆ ಬಂದಿದ್ದಾಳೆಂದರೆ ಅವನು ಈ ಊರಿನ ಕಡೆ ಹೇಗೆ ಮುಖ ಹಾಕುತ್ತಾನೆ? ನಮ್ಮಲ್ಲಿ ಜಗಳವಾಡಿ ಬಂದ ಹೆಣ್ಣನ್ನು ತವರಿನವರು ತಾವಾಗಿ ಕಳಿಸುವುದಿಲ್ಲ. ಗಂಡನ ಕಡೆಯವರು ಬಂದು, ಊರಿನ ನಾಲ್ಕು ಜನರ ಎದುರು ಕೂತು, ಬೈಸಿಕೊಂಡು, ಇನ್ನು ಹೀಗಾಗದೆಂದು ಒಪ್ಪಿ ಕರೆದುಕೊಂಡು ಹೋಗಬೇಕು. ಆಗ ಮಡಿಲು ತುಂಬುವ ಶಾಸ್ತ್ರವೂ ಇರುವುದಿಲ್ಲ. ಮಡಿಲಕ್ಕಿ ಹಾಕುವುದು ಹಬ್ಬಕ್ಕೆ ಬಂದು, ನಗುನಗುತ್ತಾ ಹೋಗುವ ಹೆಣ್ಣಿಗೆ. ಇದು ಊರಿನ ಎಲ್ಲರಿಗೂ ಗೊತ್ತು. ಪಿಳ್ಳಪ್ಪನಿಗೂ ಚೆನ್ನಾಗಿ ಗೊತ್ತಿತ್ತು.

ಹಬ್ಬದ ಮಾರನೆಯ ದಿನ ಅವನು ಕದಿರಮ್ಮನಿಗೆ, "ಹುಡುಗಿಗೆ ಮಡ್ಲು ತುಂಬು, ಬಿಟ್ಟು ಬರ್ತೀನಿ," ಎಂದ.

"ಅವಳು ಬಂದಿರೋ ರೀತಿನೇ ಬೇರೆ," ಎಂದಳು ಕದಿರಮ್ಮ. "ಅವನೇ ಬರ್ಲಿ. ಕೂತು ಮಾತಾಡಾನ."

"ತುಂಬು ಅಂದ್ರೆ ತುಂಬು. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ."

ಮುನಿರತ್ನಮ್ಮ ಅಣ್ಣನ ಎದುರು ಮಾತಾಡಿದವಳಲ್ಲ, ಕಂಬ ಹಿಡಿದು ನಿಂತಳು. ಸಾಕಿದ ಮಾವನ ಮಾತು ಮೀರಲಾರದ ಶಿಲ್ಪಳಿಗೆ ಹೊಸ ಸೀರೆ, ಕೈ ತುಂಬ ಹಸಿರು ಬಳೆ, ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಪಿಳ್ಳಪ್ಪ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಬೇಕೆಂದೇ ಡೈರಿಯ ಮುಂದೆ ಹಾದು ಹೋದ. ಹಾಲು ಹಾಕಲು ನಿಂತವರು, "ಏನವ್ವಾ, ಹಬ್ಬ ಮುಗಿಸ್ಕೊಂಡು ಹೊರಟ್ಯಾ?" ಎಂದು ಕೇಳಿದರು. ಶಿಲ್ಪ ನಕ್ಕಳು. ಕೇಳಿದವರಿಗೆ ನಗದೆ ಇನ್ನೇನು ಮಾಡುತ್ತಾಳೆ? ಭಾನುವಾರ ಭೀಮರಾಜ ಎರಡು ಗೋಲು ಹೊಡೆದ. ಪಿಳ್ಳಪ್ಪ ಅವನನ್ನು ತಬ್ಬಿಕೊಂಡು ಅತ್ತ. ಆ ಸಂತೋಷವನ್ನು ನೆನೆಸಿಕೊಂಡು ಆಮೇಲೆ ಅವನು ಪಟ್ಟ ನಾಚಿಕೆಗೆ ಲೆಕ್ಕವಿಲ್ಲ.

ಎಂಟು ತಿಂಗಳ ಮೇಲೆ ಶಿಲ್ಪ ಬಲಗೈ ಮುರಿದು ಆಸ್ಪತ್ರೆ ಸೇರಿದಳು. ಈ ಸಲ ತವರಿಗೆ ಬರಲಿಲ್ಲ, ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಗಂಡನ ಮೇಲೆ ದೂರು ಕೊಟ್ಟಳು. ತಾಯಿಯನ್ನು ಕರೆಸಿಕೊಂಡು ದೊಡ್ಡಬಳ್ಳಾಪುರದಲ್ಲಿ ಒಂದು ರೂಮು ಹಿಡಿದಳು. ಪೇಪರಿನಲ್ಲಿ ನಾಲ್ಕು ಸಾಲು ಬಂತು. ವಿಚಾರಣೆ ಮುಗಿಯುವ ತನಕ ಭೀಮರಾಜ ಆಡಕೂಡದೆಂದು ಕ್ಲಬ್ಬು ಅಮಾನತು ಮಾಡಿತು. ಆವತ್ತಿನಿಂದ ಡೈರಿಯ ಸಾಲಿನಲ್ಲಿ ಬೇರೆ ಮಾತೇ ಇಲ್ಲ.

"ಮನೆ ಜಗಳ ಮನೇಲಿರ್ಬೇಕು," ಎಂದು ಬೈರಣ್ಣ ಶುರುಮಾಡುತ್ತಿದ್ದ. ಅವನು ಒಂದು ಪಂದ್ಯವನ್ನೂ ಬಿಡದೆ ನೋಡಿದ ಆಸಾಮಿ, ಗಂಟಲು ಅವನ ಎರಡು ಹಸುಗಳಿಗಿಂತ ದೊಡ್ಡದು. "ಆಟಕ್ಕೂ ಅದಕ್ಕೂ ಏನ್ಲಾ ಸಂಬಂಧ? ಆರು ತಿಂಗ್ಳು ಆಡ್ದೆ ಕೂತ್ರೆ ಫಾರ್ವರ್ಡ್ ಕಾಲು ಏನಾಗ್ಬೇಕು?"

"ತಪ್ಪು ಮಾಡವ್ನೆ ಅಂತ ಕ್ಲಬ್ನೋರು ಹೇಳಿಲ್ಲ ಕಣಣ್ಣ," ಎಂದ ತಂಡದ ಗೋಲ್‌ಕೀಪರ್ ಗೋವಿಂದರಾಜು. ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿ ಕೆಲಸ, ನಿಯಮದ ಮನುಷ್ಯ. "ವಿಚಾರಣೆ ಮುಗೀಲಿ ಅಂದವ್ರೆ."

"ಅವಳ ಕೈ ಮುರ್ದೈತೆ. ನೀನು ಇವನ ಕಾಲಿನ ಚಿಂತೆ ಮಾಡ್ತಿದ್ದೀಯ," ಎಂದಳು ಸಾಲಿನಲ್ಲಿದ್ದ ಸಪ್ಪಲಮ್ಮ.

"ಬಚ್ಚಲಲ್ಲಿ ಜಾರಿ ಬಿದ್ಲು ಅಂತ ಅವನು ಹೇಳ್ತಾವ್ನೆ," ಎಂದ ಬೈರಣ್ಣ. "ಹೋಗ್ಲಿ, ಹೊಡೀತಿದ್ದಿದ್ರೆ ಗೌರಿ ಹಬ್ಬಕ್ಕೆ ಬಂದೋಳು ಬಾಯಿ ಬಿಡ್ತಿರ್ಲಿಲ್ವಾ? ಮಡ್ಲು ತುಂಬಿಸ್ಕೊಂಡು, ನಗ್ತಾ, ಇದೇ ಡೈರಿ ಮುಂದೆ ಹೋದ್ಲು. ಸ್ವಂತ ಸೋದರಮಾವ ಕೂರಿಸ್ಕೊಂಡು ಹೋಗಿ ಬಿಟ್ಟು ಬಂದ. ಜಗಳ ಆಗಿದ್ರೆ ಹಂಗೆ ಕಳಿಸ್ತಾರೇನಮ್ಮ?"

ಸಪ್ಪಲಮ್ಮ ತನ್ನ ಕ್ಯಾನನ್ನು ಮುಂದಕ್ಕೆ ತಳ್ಳಿದಳು. ಎಲ್ಲರೂ ಪಿಳ್ಳಪ್ಪನ ಕಡೆ ನೋಡಿದರು. ಅವನು ಹಾಲಿನೊಳಗಿನ ಕಡ್ಡಿಯನ್ನೇ ನೋಡುತ್ತಿದ್ದ. ದಿನವೂ ಇದೇ ನಡೆಯಿತು. ಯಾರು ಶಿಲ್ಪಳ ಪರ ಒಂದು ಮಾತು ಎತ್ತಿದರೂ ಬೈರಣ್ಣ ಮಡಿಲಕ್ಕಿ ತಂದು ಮುಂದಿಡುತ್ತಿದ್ದ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿಯ ಬಾಯಿಗೆ ತಾನೇ ಅಕ್ಕಿ ತುರುಕಿದ ಹಾಗಾಯಿತಲ್ಲ ಎಂದು ಪಿಳ್ಳಪ್ಪನಿಗೆ ಒಳಗೇ ಸಂಕಟ. ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಅವಳ ಮಾತು ಸುಳ್ಳಾಗುತ್ತದೆ. ಊಟ ಸೇರದಾಯಿತು.

ಕೊನೆಗೆ ಅಭಿಮಾನಿಗಳು ಕ್ಲಬ್ಬಿಗೆ ಅರ್ಜಿ ಬರೆಸಿದರು. ಭೀಮರಾಜ ಒಳ್ಳೆಯವನು, ಹೆಣ್ಣಿನ ಕಡೆಯವರೂ ಹಬ್ಬಕ್ಕೆ ಕರೆದು ಮಡಿಲು ತುಂಬಿ ಕಳಿಸಿದ್ದಾರೆ, ಅಮಾನತು ತೆಗೆಯಬೇಕು ಅಂತ. ಅರವತ್ತು ಸಹಿ ಬಿದ್ದಿತ್ತು. ಮೊದಲನೆಯ ಜಾಗ ಮಾತ್ರ ಖಾಲಿ.

"ಸೋದರಮಾವ, ಮ್ಯಾನೇಜರ್ರು, ಎರಡೂ ನೀನೇ. ನಿನ್ನ ಸಹಿ ಮೇಲಿದ್ರೆ ಅರ್ಜಿಗೆ ತೂಕ," ಎಂದ ಬೈರಣ್ಣ. "ಹೆಣ್ಣಿನ ಮೇಲೆ ನಮಗೇನೂ ದ್ವೇಷ ಇಲ್ಲಪ್ಪ."

ಪಿಳ್ಳಪ್ಪ ಕನ್ನಡಕ ಇಲ್ಲವೆಂದ ಒಂದು ದಿನ. ಕೈ ನಡುಗುತ್ತದೆಂದ ಮಾರನೆಯ ದಿನ. ಶನಿವಾರ ಸಂಜೆ ವಿಚಾರಣೆಗೆಂದು ಕ್ಲಬ್ಬಿನಿಂದ ಇಬ್ಬರು ಕಾರಿನಲ್ಲಿ ಬಂದರು. ಒಬ್ಬರು ವಯಸ್ಸಾದ ವಕೀಲರು, ಇನ್ನೊಬ್ಬಳು ಬರೆದುಕೊಳ್ಳುವ ಹೆಂಗಸು. ಡೈರಿಯ ಮುಂದೆಯೇ ಕುರ್ಚಿ ಹಾಕಿದರು. ಬೈರಣ್ಣ ಅರ್ಜಿ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಪಿಳ್ಳಪ್ಪನ ಕೈಗಿಟ್ಟ.

"ಸಹಿ ಹಾಕಲ್ಲ," ಎಂದ ಪಿಳ್ಳಪ್ಪ. "ಅದು ಹಬ್ಬದ ಮಡ್ಲಕ್ಕಿ ಅಲ್ಲ ಸ್ವಾಮಿ. ಹುಡುಗಿ ಜಗಳ ಆಡ್ಕೊಂಡೇ ಬಂದಿದ್ಲು. ಹೋಗಲ್ಲ ಅಂದ್ಲು. ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆ ಇತ್ತು, ನಾನೇ ನೋಡ್ದೆ. ನೋಡಿ, ಮಡ್ಲು ತುಂಬಿಸಿ, ಇವ್ರೆಲ್ಲ ನೋಡ್ಲಿ ಅಂತ ಈ ದಾರೀಲೇ ಕರ್ಕೊಂಡು ಹೋದೆ."

ಬೈರಣ್ಣನೇ ಕೇಳಿದ, ಮೆಲ್ಲಗೆ. "ನೋಡಿದ್ಮೇಲೆ ಯಾಕಣ್ಣ ಬಿಟ್ಟು ಬಂದೆ?"

"ಭಾನುವಾರ ಫೈನಲ್ ಇತ್ತಲ್ಲ," ಎಂದ ಪಿಳ್ಳಪ್ಪ.

ವಕೀಲರು ಅಷ್ಟನ್ನೂ ಬರೆಸಿ ಸಹಿ ಹಾಕಿಸಿಕೊಂಡರು. ಅಮಾನತು ಹಾಗೇ ಉಳಿಯಿತು. ಬೈರಣ್ಣ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದವನು ಆಮೇಲೆ ಅದರ ಮಾತು ಎತ್ತಲಿಲ್ಲ. ಕೆಲವರು ಪಿಳ್ಳಪ್ಪನ ಜೊತೆ ಮಾತು ಬಿಟ್ಟರು. ಅವರಲ್ಲಿ ಅರ್ಧ ಜನ ಭೀಮರಾಜನ ಪರವಾಗಿ, ಇನ್ನರ್ಧ ಶಿಲ್ಪಳ ಪರವಾಗಿ. ಅವನಿಗೆ ಬೇಜಾರಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಶನಿವಾರ ರಾತ್ರಿ ಹೊಟ್ಟೆ ತುಂಬ ಉಂಡ. ಹುಡುಗಿಗೆ ಹೇಳಿಬರಬೇಕು, ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡು ಮಾರನೆಯ ಬೆಳಿಗ್ಗೆ ಒಂದು ಚೀಲ ಸಪೋಟ ಹಿಡಿದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ. ಪಾಪ, ನಿಜ ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆಂದು ನಂಬಿದ್ದ.

ರೂಮಿನಲ್ಲಿ ಶಿಲ್ಪ ಒಬ್ಬಳೇ ಇದ್ದಳು. ಬಲಗೈ ಇನ್ನೂ ಪಟ್ಟಿಯಲ್ಲಿತ್ತು. ಮುನಿರತ್ನಮ್ಮ ಒಂದು ಹಾಸ್ಟೆಲ್ಲಿನಲ್ಲಿ ಅಡಿಗೆಗೆ ಸೇರಿದ್ದಳು, ಇನ್ನೇನು ಬರುವ ಹೊತ್ತು. ಮಾವನನ್ನು ಕಂಡು ಶಿಲ್ಪಳ ಮುಖ ಅರಳಿತು. ಬೇಡವೆಂದರೂ ಕೇಳದೆ ಒಂದೇ ಕೈಯಲ್ಲಿ ಟೀ ಇಟ್ಟಳು.

"ನೆನ್ನೆ ಕ್ಲಬ್ನೋರು ಬಂದಿದ್ರು ಕಣವ್ವ," ಎಂದ ಪಿಳ್ಳಪ್ಪ. "ಎಲ್ಲಾರ ಮುಂದೆ ಹೇಳ್ಬಿಟ್ಟೆ. ಬೆನ್ನಿನ ಮೇಲಿನ ಬಾಸುಂಡೆ ನಾನೇ ನೋಡಿದೀನಿ ಅಂತ. ಇನ್ನ ನಿನ್ನ ಮಾತು ಸುಳ್ಳು ಅನ್ನೋ ಹಂಗಿಲ್ಲ ಯಾರೂ."

ಶಿಲ್ಪ ಸ್ಟೌ ಆರಿಸಿದಳು. "ಯಾವಾಗ ನೋಡ್ದೆ ಮಾವ?"

"ಹಬ್ಬಕ್ ಮುಂಚೆ. ಕೊಟ್ಟಿಗೇಲಿ, ಕರು ಬಿಚ್ತಿದ್ದೆಯಲ್ಲ."

"ಬಿಟ್ಟು ಬರೋಕೆ ಮುಂಚೇನೇ?"

ಆಗ ಪಿಳ್ಳಪ್ಪನಿಗೆ ಏನೋ ತಪ್ಪಾಯಿತೆಂದು ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ತಲೆ ಆಡಿಸಿದ.

ಶಿಲ್ಪ ಟೀಯನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು.

"ಅಮ್ಮ ದಿನಾ ನಿನ್ನ ಬಯ್ತಾಳೆ ಮಾವ. ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಕಳಿಸ್ದ ಅಂತಾಳೆ. ನಾನು ದಿನಾ ಅವಳ ಜೊತೆ ಜಗಳ ಆಡ್ತೀನಿ. ಇಲ್ಲಮ್ಮ, ಮಾವ ನೋಡ್ಲಿಲ್ಲ, ನಾನು ದುಪಟ್ಟ ಎಳ್ಕೊಂಡುಬಿಟ್ಟೆ, ನೋಡಿದ್ದಿದ್ರೆ ಪ್ರಾಣ ಹೋದ್ರೂ ಕಳಿಸ್ತಿರ್ಲಿಲ್ಲ ಅಂತ."

ಕೆಳಗೆ ಗೇಟು ತೆರೆದ ಸದ್ದಾಯಿತು. ಮೆಟ್ಟಿಲ ಮೇಲೆ ಮುನಿರತ್ನಮ್ಮನ ಹೆಜ್ಜೆ.

"ಅಮ್ಮ ಬಂದ್ಲು," ಎಂದಳು ಶಿಲ್ಪ. "ಇವತ್ತಿಂದ ಅವಳಿಗೆ ಏನಂತ ಹೇಳ್ಲಿ ಮಾವ?"