ಮಧ್ಯದ ಮುಖ

“ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಕೇಳುತ್ತೆ, ಇವತ್ತು ಹೇಗಿದ್ದೀರಿ ಅಂತ. ಐದು ಮುಖ ಇರುತ್ತೆ ಅಜ್ಜಿ. ಈ ಕೊನೇಲಿ ಅಳೋದು, ಆ ಕೊನೇಲಿ ಹಲ್ಲು ಕಿರಿಯೋದು, ಮಧ್ಯದಲ್ಲಿ ಒಂದು, ಬಾಯಿ ಗೆರೆ ಎಳೆದ ಹಾಗೆ ನೆಟ್ಟಗಿರೋದು. ನಾನು ಅದನ್ನೇ ಒತ್ತೋದು. ಬೇಜಾರು ಅಂತೇನಲ್ಲ. ಒಂದು ಕೈಯಲ್ಲಿ ಮಾವನ ತಲೆ ಎತ್ತಿ ಹಿಡಿದಿರ್ತೀನಿ, ಇನ್ನೊಂದರಲ್ಲಿ ಫೋನು. ಹೆಬ್ಬೆರಳು ಎಲ್ಲಿ ಬೀಳುತ್ತೋ ಅಲ್ಲಿ. ಇವರು ಹೋದ ಮೇಲೆ ಮೊದಲ ತಿಂಗಳು ಅಳೋ ಮುಖ ಒತ್ತಬೇಕು ಅನ್ನಿಸಿತ್ತು. ಆದರೆ ಅಳು ಬರ್ತಿರಲಿಲ್ಲ, ಸುಳ್ಳು ಹೇಳಿದ ಹಾಗಾಗುತ್ತೆ ಅಂತ ಬಿಟ್ಟೆ. ನಗೋದೂ ಸುಳ್ಳೇ. ಆಮೇಲೆ ಯೋಚನೆ ಮಾಡೋದೇ ನಿಂತುಹೋಯ್ತು, ಹಲ್ಲುಜ್ಜಿದ ಹಾಗೆ ಅದೂ ಒಂದು. ಆಫೀಸಿನ ಇನ್ನೂರ ನಲವತ್ತು ಜನ ಏನು ಒತ್ತಿದ್ರು ಅಂತ ದಿನಾ ನಾನೇ ನೋಡ್ತೀನಿ. ಯಾರಿಗೆ ಏನಾಗಿದೆ ಅಂತ ಹುಡುಕೋದೇ ನನ್ನ ಕೆಲಸ. ನನ್ನದನ್ನ ಮಾತ್ರ ನೋಡಿರಲಿಲ್ಲ.”

ಇಷ್ಟನ್ನು ಅವಳು ಮೆಟ್ಟಿಲ ಮೇಲೆ ಕೂತು, ಚಪ್ಪಲಿಯ ಪಟ್ಟಿ ಬಿಚ್ಚುತ್ತಾ ಹೇಳಿದಳು. ನಮ್ಮ ಮೇಲಿನ ಮನೆಯವಳು. ಎಂಟು ತಿಂಗಳ ಹಿಂದೆ ಅವಳ ಗಂಡ ತಲೆ ಒರೆಸಿಕೊಳ್ಳುತ್ತಾ ಕೆಲಸಕ್ಕೆ ಹೊರಟವನು ಬಸ್ ನಿಲ್ದಾಣದಲ್ಲೇ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಆಗಿನಿಂದ ಮನೆಯಲ್ಲಿ ಅವಳು ಮತ್ತು ಅವಳ ಮಾವ, ಇಬ್ಬರೇ. ಮಾವನಿಗೆ ಎಡಗಡೆ ಪೂರ್ತಿ ಸ್ವಾಧೀನವಿಲ್ಲ. ವಾರದಲ್ಲಿ ಮೂರು ದಿನ ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಎರಡು ದಿನ ಆಫೀಸಿಗೆ ಹೋಗುತ್ತಾಳೆ. ಆ ಎರಡು ದಿನ ನಾನು ಮೇಲೆ ಹೋಗಿ ಮುದುಕರ ಹತ್ತಿರ ಕೂರುತ್ತೇನೆ.

ಅವಳದು ಔಷಧಿ ಅಂಗಡಿಗಳಿಗೆ ಸರಕು ಕಳಿಸುವ ಕಂಪನಿ. ಮೊದಲು ಎಲ್ಲರೂ ಒಂದೇ ಕಟ್ಟಡದಲ್ಲಿ ಇದ್ದರಂತೆ. ಆಮೇಲೆ ಅರ್ಧ ಜನ ಮನೆಗಳಲ್ಲಿ, ಅರ್ಧ ಜನ ಅಲ್ಲಿ. ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ ಎಂದು ಆ್ಯಪ್ ತರಿಸಿದರು. ಯಾವ ದಿನ ಯಾರು ಯಾವ ಮೇಜಿಗೆ ಬರುತ್ತಾರೆ, ಯಾರು ಯಾರಿಗೆ ಥ್ಯಾಂಕ್ಸ್ ಹೇಳಿದರು, ಯಾರ ಮನಸ್ಸು ಹೇಗಿದೆ, ಎಲ್ಲ ಅದರಲ್ಲೇ. ಅದನ್ನು ಎಲ್ಲರಿಗೂ ಕಲಿಸಿದವಳು ಎಚ್.ಆರ್. ವಿಭಾಗದ ಇವಳೇ. ಹಾಗಾಗಿ ಆಫೀಸಿನಲ್ಲಿ ಇವಳ ಹೆಸರೇ ‘ಮುಖದ ಮೇಡಂ’.

ಮನೆಯಲ್ಲೇ ಕೂತು ದಿನಾ ಮಧ್ಯದ ಮುಖವನ್ನೇ ಒತ್ತುತ್ತಿದ್ದ ಒಬ್ಬ ಹುಡುಗಿ ಯಾರಿಗೂ ಏನೂ ಹೇಳದೆ ಕೆಲಸ ಬಿಟ್ಟುಹೋದಳು. ಅದಾದ ಮೇಲೆ, ಎರಡು ತಿಂಗಳ ಹಿಂದೆ, ಇವಳು ಒಂದು ನಿಯಮ ಬರೆದಳು. ಸತತ ಮೂವತ್ತು ಕೆಲಸದ ದಿನ ಯಾರ ಮುಖ ಬದಲಾಗದೆ ನೆಟ್ಟಗೇ ಇರುತ್ತದೋ ಅವರ ಹೆಸರು ತಾನಾಗಿ ಪಟ್ಟಿಗೆ ಬರಬೇಕು. ಅವರು ಒಂದು ತಿಂಗಳು ದಿನಾ ಆಫೀಸಿಗೆ ಬಂದು ನಾಲ್ಕು ಜನರ ಜೊತೆ ಇರಬೇಕು. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

ಮೊದಲು ಬಂದದ್ದು ಅಂಗಡಿಯವರ ದೂರು ಕೇಳುವವನ ಹೆಸರು. ಇವಳು ಫೋನ್ ಮಾಡಿದರೆ, “ನಾನು ಚೆನ್ನಾಗೇ ಇದ್ದೀನಿ ಮೇಡಂ. ಅದು ಹೆಬ್ಬೆರಳಿಗೆ ಹತ್ತಿರ ಇದೆ, ಅಷ್ಟೇ,” ಎಂದನಂತೆ. “ಎಲ್ಲರೂ ಹಾಗೇ ಹೇಳೋದು,” ಎಂದು ಇವಳು ಮೆತ್ತಗೆ ಹೇಳಿ ಕರೆಸಿಕೊಂಡಳು. ಅವನಿಗೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ.

ಅವನ ತಿಂಗಳು ಮುಗಿಯಲು ಒಂದು ವಾರ ಇರುವಾಗ ಪಟ್ಟಿಯಲ್ಲಿ ಇವಳ ಹೆಸರು ಬಂತು. ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ್ದು ಅಂದೇ. ನಡುವೆ ಮಾವನನ್ನು ಆಸ್ಪತ್ರೆಗೆ ಸೇರಿಸಿ ರಜೆ ಹಾಕಿದ್ದರಿಂದ ಇವಳ ಎಣಿಕೆ ಮತ್ತೆ ಮೊದಲಿಂದ ಶುರುವಾಗಿತ್ತು, ಅದಕ್ಕೇ ತಡ.

ಕಷ್ಟ ಏನೆಂದರೆ, ಆ ಮುದುಕರು ಸೊಸೆಯ ಕೈಯಲ್ಲಲ್ಲದೆ ತಿನ್ನುವುದಿಲ್ಲ. ನಾನು ಚಮಚ ತಂದರೆ ಹಲ್ಲು ಕಚ್ಚಿ ಹಿಡಿಯುತ್ತಾರೆ. ಅವಳು ಆಫೀಸಿಗೆ ಹೋಗುವ ಎರಡು ದಿನ ಮಧ್ಯಾಹ್ನ ಬರೀ ನೀರು. ಎರಡು ದಿನವಾದರೆ ಹೇಗೋ ನಡೆಯುತ್ತದೆ. ಐದು ದಿನವೂ ಹೀಗಾದರೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದು ನರ್ಸ್ ಹೇಳಿದ್ದಳು.

ಅವಳ ಮೇಲಧಿಕಾರಿ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಅವಳ ಕೈಯಲ್ಲಿ ಗಂಜಿ ಬಟ್ಟಲು, ಫೋನು ದಿಂಬಿನ ಮೇಲೆ, ಸ್ಪೀಕರಿನಲ್ಲಿ.

“ನಿಮ್ಮ ಹೆಸರು ನಾನು ತೆಗೆದುಬಿಡ್ತೀನಿ. ನಿಮ್ಮ ಮನೆ ವಿಷಯ ನಮಗೆ ಗೊತ್ತಿಲ್ವಾ?”

“ದೂರಿನವರದೂ ತೆಗೀತೀರಾ ಸರ್?”

“ಅವರದು ಬೇರೆ. ಇನ್ನೊಂದು ವಾರ ತಾನೇ. ನಿಯಮ ಬರೆದವರು ನೀವೇ ಅಲ್ವಾ.”

“ಹೌದು ಸರ್. ನನ್ನದೂ ಇರಲಿ ಹಾಗಾದ್ರೆ.”

“ಸಿಟ್ಟು ಮಾಡ್ಕೊಂಡ್ರಾ?”

“ಇಲ್ಲ ಸರ್.”

ಸಿಟ್ಟು ಇರಲಿಲ್ಲ. ಅಂಗಡಿಯಲ್ಲಿ ಸಾಮಾನಿನ ಚೀಟಿ ಓದುವ ದನಿ.

ನನಗೇ ತಡೆಯಲಾಗಲಿಲ್ಲ. “ಮೊದಲೇ ಒಂದು ದಿನ ಹಲ್ಲು ಕಿರಿಯೋದನ್ನ ಒತ್ತಿದ್ರೆ ಯಾರಪ್ಪನ ಗಂಟು ಹೋಗ್ತಿತ್ತೇ? ಈಗಲಾದ್ರೂ ಸರ್ ಹೇಳಿದ ಹಾಗೆ ಕೇಳಬಾರದಾ?”

“ಆ ದೂರಿನವನೂ ಒತ್ತಬಹುದಿತ್ತು ಅಜ್ಜಿ. ಒತ್ತಲಿಲ್ಲ. ಇದ್ದದ್ದು ಹೇಳಿದ. ನಾನು ನಂಬಲಿಲ್ಲ.”

ಸೋಮವಾರದಿಂದ ಅವಳು ದಿನಾ ಹೊರಟಳು. ಮುದುಕರು ಬಸ್ ಕಂಡಕ್ಟರ್ ಆಗಿದ್ದವರು. ನಾನು ಬಾಗಿಲಿಗೆ ಬಂದರೆ ಸಾಕು, “ಮುಂದೆ ಹೋಗಿ, ಮುಂದೆ ಜಾಗ ಇದೆ,” ಎನ್ನುತ್ತಾರೆ. “ಜಾಗ ಇದ್ರೆ ನೀವೇ ಸ್ವಲ್ಪ ಸರೀರಿ,” ಎಂದು ನಾನು ಮಂಚದ ಅಂಚಿಗೆ ಕೂರುತ್ತೇನೆ. ಸೋಮವಾರ ಬಾಯಿ ಬಿಡಲಿಲ್ಲ. ಮಂಗಳವಾರ ಚಮಚವನ್ನು ಬಲಗೈಯಿಂದ ತಳ್ಳಿ ಹೊದಿಕೆಯೆಲ್ಲ ಗಂಜಿ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಮಾತೂ ಆಡಲಿಲ್ಲ. ಸಂಜೆ ಅವಳು ಬಂದು, ಬ್ಯಾಗ್ ಹೆಗಲಿನಲ್ಲಿರುವಾಗಲೇ ಎರಡು ಬಟ್ಟಲು ತಿನ್ನಿಸಿದಳು. ಮೂರು ದಿನವೂ ಹಾಗೆಯೇ.

ಗುರುವಾರ ನನಗೂ ಸಾಕಾಗಿತ್ತು. ಪುಸಲಾಯಿಸಲಿಲ್ಲ, ಗದರಲಿಲ್ಲ. ಚಮಚ ಹಿಡಿದು ಸುಮ್ಮನೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದೆ. ತಿರುಗಿದರೆ ಬಾಯಿ ತೆರೆದಿತ್ತು. ಕಣ್ಣು ಮುಚ್ಚಿಕೊಂಡೇ ಬಟ್ಟಲು ಪೂರ್ತಿ ತಿಂದರು. ತಿಂದಾದ ಮೇಲೆ, “ಮುಂದೆ ಹೋಗಿ,” ಎಂದರು.

ಅವಳು ಬಂದರೆ ಎಷ್ಟು ಸಂತೋಷಪಡುತ್ತಾಳೋ ಎಂದು ಸಂಜೆಯವರೆಗೂ ಕಾದೆ.

“ತಿಂದ್ರಾ?”

“ತಿಂದ್ರು. ತಳ ಕೂಡ ಬಿಡಲಿಲ್ಲ.”

“ಯಾರ ಕೈಲಿ?”

“ನನ್ನ ಕೈಲೇ ಕಣೇ, ಇನ್ಯಾರ ಕೈಲಿ.”

“ಹೌದಾ.” ಚಪ್ಪಲಿ ಬಿಚ್ಚಿ ಬದಿಗಿಟ್ಟಳು. “ನನ್ನ ಕೇಳಿದ್ರಾ?”

ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಅವಳ ಮುಂದೆ ಬಾಯಿ ಬರಲಿಲ್ಲ.

“ಒಳ್ಳೇದಾಯ್ತು ಅಜ್ಜಿ. ಕೊಳವೆ ಬೇಡ ಹಾಗಾದ್ರೆ,” ಎಂದು ಬ್ಯಾಗನ್ನು ಮೊಳೆಗೆ ಹಾಕಿದಳು. ಆಮೇಲೆ ಆಫೀಸಿನ ವಿಷಯ ಹೇಳಿದಳು. ಮಧ್ಯಾಹ್ನ ಅವಳೂ ಆ ದೂರಿನವನೂ ಎದುರುಬದುರು ಊಟಕ್ಕೆ ಕೂತಿದ್ದರಂತೆ. “‘ಮೇಡಂ, ನಿಮ್ಮ ಹೆಬ್ಬೆರಳೂ ನನ್ನದರಷ್ಟೇ ಉದ್ದಾನಾ?’ ಅಂದ. ಪಕ್ಕದ ಮೇಜಿನವರೆಲ್ಲ ನಕ್ಕರು. ನಾನೂ ನಗಬೇಕಿತ್ತು ಅನ್ನಿಸುತ್ತೆ.”

“ನಗಲಿಲ್ವಾ?”

“ತಪ್ಪಾಯ್ತು ಅಂದೆ ಅವನಿಗೆ. ನಿಯಮದಲ್ಲಿ ಒಂದು ಸಾಲು ಸೇರಿಸಿದ್ದೀನಿ, ಮೊದಲು ಫೋನ್ ಮಾಡಿ ಕೇಳಬೇಕು, ಹೇಳಿದ್ದನ್ನ ನಂಬಬೇಕು ಅಂತ. ಸರ್ ಮುಂದಿನ ತಿಂಗಳು ನೋಡೋಣ ಅಂದ್ರು.”

ಒಳಗಿನಿಂದ ಮುದುಕರು ಕೆಮ್ಮಿದರು. ಅವಳು ಹೋಗಿ ಅವರನ್ನು ಮಗ್ಗುಲು ತಿರುಗಿಸಿ, ಒದ್ದೆಯಾಗಿದ್ದ ಹಾಸು ಎಳೆದು ಬೇರೆ ಹಾಸಿದಳು. ಒದ್ದೆಯದನ್ನು ಬಚ್ಚಲಲ್ಲಿ ಸೋಪು ಹಾಕಿ ಒಗೆದಳು. ನನಗೆ ಒಂದು ತುದಿ ಕೊಟ್ಟಳು, ಇಬ್ಬರೂ ಸೇರಿ ಹಿಂಡಿದೆವು. ನೀರು ಇಳಿಯುವುದು ನಿಂತ ಮೇಲೆ ಕೊಡವಿ ಹಗ್ಗದ ಮೇಲೆ ಹಾಕಿ, ಎರಡು ಕೊನೆಗೂ ಕ್ಲಿಪ್ಪು ಸಿಕ್ಕಿಸಿದಳು.