ಮಡಿಯಲ್ಲಿದ್ದ ಟ್ಯಾಂಕಿ

ಮಗು ಸೀನಿದರೆ ಸಾಕು, ಬೃಂದಾಳ ಕೈ ಮೊಬೈಲಿನ ಗಡಿಯಾರಕ್ಕೆ ಹೋಗುತ್ತಿತ್ತು. ಏಳು ತಿಂಗಳ ಮೌನಿಕಾಳ ಎದೆಯ ಮೇಲೆ ಅಂಗೈ ಇಟ್ಟು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುವಳು. ನಲವತ್ತೆರಡು. ಮತ್ತೆ ಎಣಿಸಿದರೆ ಮೂವತ್ತೆಂಟು. ಮೊದಲನೆಯದು ಸರಿಯೋ ಎರಡನೆಯದು ಸರಿಯೋ ಎಂದು ಮೂರನೆಯ ಸಲ. ಅಷ್ಟರಲ್ಲಿ ಮಗು ಅವಳ ಬಳೆಯನ್ನು ಬಾಯಿಗೆ ಹಾಕಿಕೊಂಡಿರುತ್ತಿತ್ತು. ಆಗ ಬಳೆಯ ಬಣ್ಣದ ಚಿಂತೆ ಶುರು.

ಬಳೆಯ ಚಿಂತೆ ಬಂದು ಹೋಗುವಂಥದ್ದು. ಹಗಲೂ ಇರುಳೂ ಬಿಡದೆ ಕಾಡುತ್ತಿದ್ದದ್ದು ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ. ಹಿರಿಯೂರಿನ ಆ ಮನೆಯ ಹಿತ್ತಿಲಲ್ಲಿ, ಶೀಟಿನ ಚಪ್ಪರದ ಕೆಳಗೆ, ಅವಳ ಅತ್ತೆ ಓಬವ್ವ ಬೈಕುಗಳ ಟ್ಯಾಂಕಿಗೆ, ಮಡ್‌ಗಾರ್ಡಿಗೆ ಬಣ್ಣ ಹೊಡೆಯುತ್ತಿದ್ದರು. ಮೈಸೂರಿನಲ್ಲಿ ಓದಿ ಬೆಳೆದ ಬೃಂದಾ ಇಂಥ ಅತ್ತೆಯನ್ನು ಕನಸಿನಲ್ಲೂ ಕಂಡವಳಲ್ಲ. ಅರವತ್ತು ದಾಟಿದ ಹೆಂಗಸು, ಹಳೆಯ ಸೀರೆಯ ಮೇಲೆ ತೀರಿಹೋದ ಗಂಡನ ಅಂಗಿ ತೊಟ್ಟು, ಮೂಗು ಬಾಯಿಗೆ ಟವೆಲು ಬಿಗಿದು, ಒಂದು ಕೈಯಲ್ಲಿ ಸ್ಪ್ರೇ ಗನ್ ಹಿಡಿದು ನಿಂತರೆ ನೋಡಿದವರಿಗೆ ನಗುವೂ ಬರಬೇಕು, ಭಯವೂ ಆಗಬೇಕು.

ಓಬವ್ವನ ತವರು ಹೊಳಲ್ಕೆರೆ ಕಡೆಯ ತಾಳ್ಯ. ಕುರಿ ಮಂದೆಯ ಮನೆ. ಮಂದೆ ಬೆರೆತುಹೋಗದಿರಲೆಂದು ಕುರಿಗಳ ಬೆನ್ನಿಗೆ ಗುರುತಿನ ಬಣ್ಣ ಹಚ್ಚುವುದು ಹುಡುಗಿಯಾಗಿದ್ದಾಗ ಅವರ ಕೆಲಸ. ಮದುವೆಯಾಗಿ ಹಿರಿಯೂರಿಗೆ ಬಂದಾಗ ಗಂಡ ತಿಪ್ಪಯ್ಯ ಬೈಕಿಗೆ ಬಣ್ಣ ಹೊಡೆಯುವ ಅಂಗಡಿ ಇಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಎಂಬುದು ಎಳ್ಳಷ್ಟೂ ಇಲ್ಲ. ತುಕ್ಕು ಪೂರ್ತಿ ಬಿಡುವ ಮೊದಲೇ ಅಡಿಬಳಿತದ ಪ್ರೈಮರ್, ಪ್ರೈಮರ್ ಒಣಗುವ ಮೊದಲೇ ಬಣ್ಣ. ಮೂರು ತಿಂಗಳಿಗೆ ಬಣ್ಣ ಹಪ್ಪಳದಂತೆ ಏಳುತ್ತಿತ್ತು, ಬೈಕಿನವನು ಬಂದು ಬಾಗಿಲಲ್ಲಿ ಕೂಗಾಡುತ್ತಿದ್ದ. ಒಂದು ದಿನ ಓಬವ್ವ, "ಬಣ್ಣ ನೀನು ಹೊಡಕ, ಅದಕ್ಕೆ ಮುಂಚಿಂದೆಲ್ಲ ನನಗೆ ಬಿಡು" ಎಂದು ಟ್ಯಾಂಕಿಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಕೂಗಾಟ ನಿಂತಿತು. ತಿಪ್ಪಯ್ಯ ತೀರಿಕೊಂಡ ಮೇಲೆ ಅಂಗಡಿ ಹೋಯಿತು, ಆದರೆ ಟ್ಯಾಂಕಿಗಳು ಮನೆಯ ದಾರಿ ಹುಡುಕಿಕೊಂಡು ಬಂದವು.

"ಕಷ್ಟ ಅಲ್ವಾ ಅತ್ತೆ?" ಎಂದು ಬೃಂದಾ ಹೊಸತರಲ್ಲಿ ಕೇಳಿದ್ದಳು.

"ಏನು ಕಷ್ಟ? ಕುರಿ ಒದೀತೈತೆ, ಟ್ಯಾಂಕಿ ಸುಮ್ಕೆ ಕುಂತಿರ್ತೈತೆ. ಯಾವುದು ಸುಲಭ ನೀನೇ ಹೇಳು."

ಅವರ ಕೆಲಸಕ್ಕೊಂದು ಕ್ರಮವಿತ್ತು. ಹಳೆಯ ಬಣ್ಣ ತೆಗೆದು, ತುಕ್ಕು ಉಜ್ಜಿ, ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಮರಳು ಪೇಪರ್ ಹಾಕುವುದು. ಸೋಪಿನ ನೀರಲ್ಲಿ ತೊಳೆದು ಥಿನ್ನರಿನಲ್ಲಿ ಒರೆಸುವುದು. ಆಮೇಲೆ ಚೊಂಬಿನಿಂದ ತಣ್ಣೀರು ಸುರಿದು ಕಣ್ಣು ಕಿರಿದು ಮಾಡಿ ನೋಡುವರು. ನೀರು ಬಟ್ಟೆ ಹೊದಿಸಿದಂತೆ ಹರಡಿದರೆ ಸರಿ. ಎಲ್ಲಾದರೂ ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ನಿಂತರೆ ಅಲ್ಲಿ ಜಿಡ್ಡಿದೆ ಎಂದರ್ಥ, ಮತ್ತೆ ಮೊದಲಿಂದ. ಪರೀಕ್ಷೆಯಲ್ಲಿ ಪಾಸಾದ ಟ್ಯಾಂಕಿಯನ್ನು ಬಿಸಿಲಿಗೆ ಒಣಗಿಸಿ, ಒಗೆದ ಬಿಳಿ ಪಂಚೆ ಹೊದಿಸಿ, ಸ್ಟೂಲಿನ ಮೇಲೆ ಕೂರಿಸುವರು. ಅಲ್ಲಿಂದ ಮುಂದೆ ಅವರೂ ಬರಿಗೈಲಿ ಮುಟ್ಟುತ್ತಿರಲಿಲ್ಲ.

"ಅದೀಗ ಮಡೀಲೈತೆ ಕಣವ್ವ, ಮುಟ್ಬ್ಯಾಡ" ಎನ್ನುವರು.

ಬೃಂದಾ ಅದನ್ನು ತಮಾಷೆ ಅಂದುಕೊಂಡು ನಕ್ಕಿದ್ದಳು. ಕಬ್ಬಿಣಕ್ಕೆಂಥ ಮಡಿ!

ಇನ್ನು ಗನ್ ಹಿಡಿಯುವುದಕ್ಕೆ ಗುಡ್ಡದ ಅಪ್ಪಣೆ ಬೇಕು. ಆಷಾಢದ ಗಾಳಿ ಎಂಥದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಹಸಿ ಬಣ್ಣದ ಮೇಲೆ ಒಂದು ಹಿಡಿ ಧೂಳು ಎರಚಿ ಹೋಗುತ್ತದೆ. ಓಬವ್ವ ಬೆಳಗ್ಗೆ ಎದ್ದವರೇ ಮಾಳಿಗೆ ಹತ್ತಿ, ದೂರದ ಗುಡ್ಡದ ಮೇಲಿನ, ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳನ್ನು ನೋಡುವರು. ತಿರುಗುತ್ತಿದ್ದರೆ ಇಳಿದು ಬಂದು ರೊಟ್ಟಿ ತಟ್ಟುವರು. ನಿಂತಿದ್ದರೆ ರೊಟ್ಟಿಯ ಹಿಟ್ಟು ನಾದಿದ್ದು ಹಾಗೇ ಬಿದ್ದಿರುತ್ತಿತ್ತು.

ಬೃಂದಾಳ ಚಿಂತೆ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಮೊಮ್ಮಗಳು ಬಂದ ಮೇಲೆ ಗನ್ ಹಿಡಿಯುವ ಮುಂಚೆ, "ಬೃಂದಾ, ಕೂಸಿನ ಎತ್ಕಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕ" ಎಂದು ಕೂಗಿ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೊಳ್ಳದೆ ಮಗುವನ್ನು ಮುಟ್ಟುತ್ತಿರಲಿಲ್ಲ. ಆದರೂ ಕಿವಿಯ ಹಿಂದೆ ಥಿನ್ನರ್ ಒಂಚೂರು ಉಳಿದೇ ಇರುತ್ತಿತ್ತು. ಮೌನಿಕಾ ಸರಿಯಾಗಿ ಅಲ್ಲೇ ಮೂಗು ತೂರಿಸಿ ನಿದ್ದೆ ಹೋಗುತ್ತಿದ್ದಳು. ಬೃಂದಾ ಗಂಡನ ಹತ್ತಿರ ಗೊಣಗುವಳು. ಬಬ್ಬೂರಿನ ಕೃಷಿ ಕೇಂದ್ರದಲ್ಲಿ ಕೆಲಸ ಮಾಡುವ ಚೇತನ್‌ಕುಮಾರ್ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಾ, "ನಾನೂ ಅದೇ ವಾಸನೇಲಿ ಬೆಳೆದೋನು ಕಣೆ" ಎನ್ನುವನು. ಅದು ಅವಳಿಗೆ ಸಮಾಧಾನದ ಮಾತಾಗಿ ಕೇಳುತ್ತಿರಲಿಲ್ಲ.

ಆ ಬುಧವಾರ ಮಂಜಣ್ಣನ ಎಜ್ಡಿ ಬೈಕಿನ ಟ್ಯಾಂಕಿ ಮಡಿಯಲ್ಲಿತ್ತು. ಬಿ.ದುರ್ಗದ ಮಂಜಣ್ಣ ಅಪ್ಪನ ಕಾಲದ ಬೈಕನ್ನು ಬಿಚ್ಚಿ ಹೊಸದು ಮಾಡಿಸುತ್ತಿದ್ದ. ಟ್ಯಾಂಕಿ ಮಾತ್ರ ಓಬವ್ವಕ್ಕನೇ ಮಾಡಬೇಕೆಂದು ಇಲ್ಲಿಯವರೆಗೆ ಹೊತ್ತು ತಂದಿದ್ದ. ಅದನ್ನು ತೊಳೆದು, ನೀರು ಸುರಿದು ನೋಡಿ, ಪಂಚೆ ಹೊದಿಸಿ, ಓಬವ್ವ ಫ್ಯಾನು ನೋಡಲು ಮಾಳಿಗೆ ಹತ್ತಿದರು. ಬಚ್ಚಲ ಬಾಗಿಲ ಪಕ್ಕ ಮಣೆಯ ಮೇಲೆ ಕೂತು ಬೃಂದಾ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಮೌನಿಕಾ ಸೀನಿದಳು. ಮತ್ತೊಮ್ಮೆ ಸೀನಿದಳು. ಬೃಂದಾ ತಿರುಗಿ ನೋಡಿದರೆ ಮಾರು ದೂರದಲ್ಲಿ ಆ ಟ್ಯಾಂಕಿ! ಮಗುವನ್ನು ಚಾಪೆಗೆ ಸರಿಸಿ, ಎದ್ದವಳೇ ಪಂಚೆ ಎಳೆದು, ಟ್ಯಾಂಕಿಯನ್ನು ಹೊಟ್ಟೆಯ ಎರಡೂ ಪಕ್ಕ ಕೈ ಹಾಕಿ ಎತ್ತಿ, ಹಿತ್ತಿಲ ಕೊನೆಯ ಕಲ್ಲಿನ ಮೇಲಿಟ್ಟು, ಪಂಚೆ ಮತ್ತೆ ಹೊದಿಸಿ ಬಂದಳು. ಸ್ನಾನವಾಗುವ ಹೊತ್ತಿಗೆ ಅದನ್ನು ಮರೆತೂ ಬಿಟ್ಟಳು.

"ಫ್ಯಾನು ನಿಂತಾವೆ!" ಎನ್ನುತ್ತಾ ಓಬವ್ವ ಇಳಿದು ಬಂದರು. ಟ್ಯಾಂಕಿ ಜಾಗ ಬಿಟ್ಟಿದ್ದನ್ನು ಕಂಡು, ಮಗುವಿನ ಸಲುವಾಗಿ ಸೊಸೆ ಪಂಚೆ ಸಮೇತ ಎತ್ತಿಟ್ಟಿದ್ದಾಳೆ ಅಂದುಕೊಂಡರೇ ಹೊರತು, ಯಾವ ಕೈಯಿಂದ ಎತ್ತಿದಳೆಂದು ಕೇಳಲಿಲ್ಲ. ಗಾಳಿ ಮತ್ತೆ ಏಳುವುದರೊಳಗೆ ಆಗಬೇಕಿತ್ತು. ಒಣಬಟ್ಟೆಯಲ್ಲಿ ಒಮ್ಮೆ ಸವರಿ ಪ್ರೈಮರ್ ಹೊಡೆದರು. ಕೆಳಭಾಗದಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕಿ ಬಿಟ್ಟಿತು. ಧೂಳಿರಬೇಕೆಂದು ಮೇಲೆ ಇನ್ನೊಂದು ಕೋಟ್ ಹೊಡೆದರು. ಮರುದಿನ ಉಜ್ಜಿ ಕಡುಗೆಂಪು ಬಣ್ಣ. ಶನಿವಾರ ಮೇಲೂ ಕೆಳಗೂ ಟೇಪ್ ಅಂಟಿಸಿ ನಡುವೆ ಉದ್ದಕ್ಕೂ ಕೆನೆಬಣ್ಣದ ಪಟ್ಟೆ.

ಭಾನುವಾರ ಮಂಜಣ್ಣ ಬಂದ. ಅವನ ಎದುರಿಗೇ ಓಬವ್ವ ಟೇಪ್ ಬಿಡಿಸಿದರು. ಮೇಲುಗಡೆ ಟೇಪ್ ಸಲೀಸಾಗಿ ಬಂತು. ಕೆಳಗೆ ಬರುತ್ತಾ ಟೇಪಿನ ಜೊತೆ ಕೆಂಪು, ಕೆಂಪಿನ ಜೊತೆ ಬೂದು ಪ್ರೈಮರ್, ಎಲ್ಲ ಒಟ್ಟಿಗೆ ಎದ್ದು ಬಂದು, ಬೆತ್ತಲೆ ಕಬ್ಬಿಣ ಮಿನುಗಿತು. ಇನ್ನೊಂದು ಪಕ್ಕದಲ್ಲೂ ಹಾಗೆಯೇ.

ಓಬವ್ವ ಕಿತ್ತ ಟೇಪನ್ನು ಬೆರಳ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು. ಹೀಗೆ ಸಿಪ್ಪೆ ಏಳುವ ಬಣ್ಣ ತಿಪ್ಪಯ್ಯನದು, ಓಬವ್ವನದಲ್ಲ.

"ಕಣ್ಣು ಮೋಸ ಮಾಡ್ತು ಮಂಜಣ್ಣ" ಎಂದರು. "ಜಿಡ್ಡು ಇತ್ತು, ನನಗೆ ಕಾಣ್ಲಿಲ್ಲ."

"ಇರ್ಲಿ ಬಿಡ್ರಿ ಅಕ್ಕ, ಇನ್ನೊಂದು ಸಲ ಹೊಡೀರಿ, ಏನಾಗ್ತೈತೆ?"

"ಬ್ಯಾಡಪ್ಪ. ದುರ್ಗದಾಗೆ ಯಾರಿಗಾರ ಕೊಡು."

ಬಾಗಿಲಲ್ಲಿ ಮಗುವನ್ನು ಸೊಂಟಕ್ಕೇರಿಸಿ ನಿಂತಿದ್ದ ಬೃಂದಾ ಆ ಎರಡು ಬೋಳು ಜಾಗ ನೋಡಿದಳು. ಹೊಟ್ಟೆಯ ಎರಡೂ ಪಕ್ಕ, ಒಂದಕ್ಕೊಂದು ಎದುರುಬದುರು, ಒಂದೊಂದು ಅಂಗೈ ಅಗಲ. ಎಣ್ಣೆ ಹಚ್ಚಿದ ಕೂಸನ್ನು ಎತ್ತುವಾಗ ಕೈ ಹಾಕುವ ಜಾಗ ಅದು. ಬುಧವಾರದ ತನ್ನ ಎಣ್ಣೆಗೈ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮಗು ಅತ್ತಿತು. ಮಗು ಅತ್ತದ್ದೇ ಒಂದು ನೆಪವಾಯಿತು, ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಓಬವ್ವ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ತಾಳ್ಯಕ್ಕೆ ಹೊರಟರು, ತಮ್ಮ ಕಾಟಲಿಂಗಪ್ಪನ ಮನೆಗೆ. "ಹತ್ತು ದಿನ ಇದ್ದು ಬರ್ತೀನಿ" ಎಂದವರು ಮಗನಿಗೆ, "ಗನ್ನಿನ ಕಂಪ್ರೆಸರ್ ಯಾರಿಗಾರ ಬೇಕಂದ್ರೆ ಕೊಟ್ಬಿಡಪ್ಪ" ಎಂದರು. ಆಟೋ ಹತ್ತುವಾಗ ಮೊಮ್ಮಗಳ ಗಲ್ಲ ಹಿಂಡಿ, "ಇನ್ನು ನಿಮ್ಮವ್ವ ನಿರಾಳವಾಗಿ ಉಸಿರಾಡ್ಲಿ" ಎಂದು ನಕ್ಕರು. ಚುಚ್ಚುವುದಕ್ಕೆ ಅಂದದ್ದಲ್ಲ. ಅದಕ್ಕೇ ಇನ್ನಷ್ಟು ಚುಚ್ಚಿತು.

ಬೃಂದಾ ಬಯಸಿದ್ದು ಬಯಸಿದಂತೆಯೇ ಆಗಿತ್ತು. ಹಿತ್ತಿಲಲ್ಲಿ ವಾಸನೆಯಿಲ್ಲ. ಆದರೂ ಮಗು ಸೀನಿತು. ಬೇಳೆ ಒಗ್ಗರಣೆಗೆ ಸೀನಿತು, ಬಿಸಿಲು ಕಣ್ಣಿಗೆ ಬಿದ್ದರೆ ಸೀನಿತು. ಮಧ್ಯಾಹ್ನದ ನಿದ್ದೆಗೆ ಅವಳ ಕುತ್ತಿಗೆಯಲ್ಲಿ ಮೂಗು ತೂರಿಸಿ, ಹುಡುಕಿದ್ದು ಸಿಗದೆ, ತಲೆ ಹಿಂದೆಳೆದು ಅವಳ ಮುಖವನ್ನೇ ದಿಟ್ಟಿಸಿ ಅತ್ತಿತು. ದಿನಕ್ಕೆರಡು ಸಲ ಬೃಂದಾ ಫೋನಿನಲ್ಲಿ ಅತ್ತೆಯ ಹೆಸರು ತೆಗೆದು, ರಿಂಗಾಗುವ ಮೊದಲೇ ಕತ್ತರಿಸುತ್ತಿದ್ದಳು. ಹೇಳಿದರೆ ಏನಂದುಕೊಂಡಾರು? ಬೇಕೆಂದೇ ಮಾಡಿದಳು ಅಂದುಕೊಂಡರೆ? ವಾಸನೆ ಬೇಡ ಎಂದು ಗೊಣಗುತ್ತಿದ್ದವಳು ತಾನೇ! ಗಂಡನಿಗೂ ಹೇಳಲಿಲ್ಲ.

ಆರನೆಯ ದಿನ ಮಂಜಣ್ಣ ಗೋಣಿಚೀಲ ಹಿಡಿದು ಬಂದ, ಬಿಟ್ಟು ಹೋಗಿದ್ದ ಟ್ಯಾಂಕಿ ಒಯ್ಯಲು.

"ಕುಂತ್ಕಳ್ರಿ" ಎಂದು ಬೃಂದಾ ನೀರು ಕೊಟ್ಟಳು.

"ಕುಂತ್ಕಳಾಕೆ ಹೊತ್ತಿಲ್ಲ ಕಣಮ್ಮ. ದುರ್ಗದಾಗೆ ಒಬ್ರಿಗೆ ಹೇಳೀನಿ." ಅವನು ನೀರು ಕುಡಿದು ಚೊಂಬು ಕೆಳಗಿಟ್ಟ. "ಮನಸ್ಸಿಗೆ ಬ್ಯಾಸರ ಆತು. ನಮ್ಮಪ್ಪನ ಕಾಲದಾಗೆ ಇದೇ ಟ್ಯಾಂಕಿಗೆ ಈ ಅಕ್ಕಾರೇ ಪ್ರೈಮರ್ ಹೊಡ್ದಿದ್ದು. ಮೂವತ್ತು ವರ್ಷ ಅಲ್ಲಾಡ್ಲಿಲ್ಲ. ಈಗ ಊರಾಗೆಲ್ಲ ಓಬವ್ವಕ್ಕನ ಕೈ ಹೋತು ಅಂತಾರೆ. ವಯಸ್ಸು ಯಾರ್ನ ಬಿಡ್ತೈತೆ?"

ಟ್ಯಾಂಕಿ ಗೋಣಿಚೀಲದೊಳಗೆ ಅರ್ಧ ಇಳಿದಿತ್ತು.

"ಕೈ ಹೋಗಿಲ್ಲ" ಎಂದಳು ಬೃಂದಾ. ದನಿ ತನ್ನದಲ್ಲವೆಂಬಂತೆ ಜೋರಾಗಿತ್ತು. "ಅದನ್ನ ಇಲ್ಲೇ ಬಿಡಿ. ದಯವಿಟ್ಟು. ಒಂದು ವಾರ ಟೈಮ್ ಕೊಡಿ ಸಾಕು. ತಪ್ಪು ಅತ್ತೆದಲ್ಲ, ನಂದು."

ಮಂಜಣ್ಣ ಅವಳನ್ನೊಮ್ಮೆ, ಟ್ಯಾಂಕಿಯನ್ನೊಮ್ಮೆ ನೋಡಿ, ಏನೂ ಅರ್ಥವಾಗದೆ, ಚೀಲ ಮಡಚಿಕೊಂಡು ಹೋದ. ಬೃಂದಾ ಮಗುವನ್ನು ಎತ್ತಿಕೊಂಡು ಮಾಳಿಗೆ ಹತ್ತಿದಳು. ಕೆಳಗಿದ್ದರೆ ಮತ್ತೆ ಏನಾದರೂ ನೆಪ ಸಿಕ್ಕೀತೆಂದು. ಈ ಸಲ ರಿಂಗಾಗಲು ಬಿಟ್ಟಳು.

"ಕೂಸು ಹೆಂಗೈತೆ?" ಅತ್ತೆಯ ಮೊದಲ ಮಾತು ಅದೇ. ಹಿಂದೆ ಕುರಿಗಳ ಸದ್ದು.

"ಚೆನ್ನಾಗಿದಾಳೆ. ಅತ್ತೆ, ನಾನು ಒಂದು ಹೇಳಬೇಕು, ಬೈದ್ರೂ ಪರವಾಗಿಲ್ಲ. ಮಂಜಣ್ಣನ ಟ್ಯಾಂಕೀನ ಆವತ್ತು ನಾನು ಬರಿಗೈಲಿ ಎತ್ತಿದ್ದೆ. ಮಗುಗೆ ಎಣ್ಣೆ ಹಚ್ಚುತಾ ಇದ್ದೆ, ಕೈ ತೊಳೀಲಿಲ್ಲ. ಹಾಗೇ ಎತ್ತಿಬಿಟ್ಟೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಬೇಕು ಅಂತ ಮಾಡಿದ್ದಲ್ಲ, ಆದ್ರೆ ಆಮೇಲೆ ಬೇಕು ಅಂತಲೇ ಸುಮ್ಮನಿದ್ದೆ."

ಬೃಂದಾ ಮಗುವಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವ ಎಣ್ಣೆ?" ಎಂದರು ಓಬವ್ವ.

"ಹಾಂ?"

"ಯಾವ ಎಣ್ಣೆ ಅಂದೆ. ಕೊಬ್ರಿ ಎಣ್ಣೆನೋ, ಹರಳೆಣ್ಣೆನೋ?"

"ಹರಳೆಣ್ಣೆ ಅತ್ತೆ."

"ಅದಕ್ಕೇ! ಕೊಬ್ರಿ ಎಣ್ಣೆ ಆಗಿದ್ರೆ ಒಣಬಟ್ಟೆಗೆ ಒಂದಿಷ್ಟಾರ ಬಂದಿರಾದು. ಹರಳೆಣ್ಣೆ ಅಂಟು ಹಂಗೆಲ್ಲ ಹೋಗಾಕಿಲ್ಲ. ಆರು ದಿನದಿಂದ ತಲೆ ಕೆಡಿಸ್ಕಂಡೀನಿ, ನೀರು ಹರಡಿದ್ದು ನಾನೇ ನೋಡಿದ್ನಲ್ಲ, ಮತ್ತೆ ಜಿಡ್ಡು ಎಲ್ಲಿಂದ ಬಂತು ಅಂತ." ಆಮೇಲೆ ಫೋನಿನಿಂದ ಮುಖ ತಿರುಗಿಸಿ ಕೂಗಿದರು. "ಲೇ ಕಾಟಲಿಂಗ, ನನ್ನ ಕಣ್ಣು ಸರಿಯಾಗೈತಂತೆ ಕಣಲೇ!"

ಬೃಂದಾಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ಮಡೀಲೈತೆ ಅಂತ ನೀವು ಹೇಳ್ತಾನೇ ಇದ್ರಿ. ನಾನು ತಮಾಷೆ ಅಂದ್ಕೊಂಡೆ."

"ಓದಿದೋಳು, ಏನೋ ಒಂದು ಅಂದ್ಕಂಡೆ ಬಿಡು. ಅದಿರ್ಲಿ, ಎರಡೂ ಪಕ್ಕ ಕಬ್ಬಿಣ ಬಿಟ್ಕಂಡೈತೆ, ತುಕ್ಕು ಹತ್ತೀತು. ಮ್ಯಾಲೆ ಒಂದು ಬಟ್ಟೆ ಹಾಕು. ಕೈ ತೊಳಕಂಡು ಹಾಕು!"

"ಹಾಕ್ತೀನಿ. ಅತ್ತೆ, ಇನ್ನೊಂದು. ಹಿತ್ತಿಲ ಕೊನೇಲಿ ಆ ಕಲ್ಲಿದೆಯಲ್ಲ, ಚಪ್ಪರನ ಅಲ್ಲಿಗೆ ಜರುಗಿಸೋಣ ಅಂತ. ಬಚ್ಚಲಿಂದ ದೂರ ಆಗುತ್ತೆ. ಇವರಿಗೆ ಇವತ್ತೇ ಹೇಳ್ತೀನಿ."

"ಹೂಂ. ನಾನೂ ಅದನ್ನೇ ಅನ್ಕಂಡಿದ್ದೆ, ನಿಮ್ಮತ್ರ ಬಾಯಿ ಬಿಡಾಕೆ ಬಿಗುಮಾನ." ಓಬವ್ವ ಕೇಳಿದರು, "ಎಲ್ಲಿ ನಿಂತಿದೀಯ, ಗಾಳಿ ಸದ್ದು ಕೇಳ್ತೈತೆ? ಮಾಳಿಗೆ ಮ್ಯಾಲಾ? ಕೂಸಿನ ತಲೆಗೆ ಬಟ್ಟೆ ಕಟ್ಟಿದೀಯೋ ಇಲ್ಲೋ?"

"ಕಟ್ಟಿದೀನಿ ಅತ್ತೆ."

"ಗುಡ್ಡದ ಕಡೆ ತಿರುಗು. ಫ್ಯಾನು ಏನು ಮಾಡ್ತಾವೆ ನೋಡಿ ಹೇಳು."

ಬೃಂದಾ ಕಣ್ಣೊರೆಸಿಕೊಂಡು, ಅತ್ತೆ ನೋಡುವಂತೆಯೇ ಕಣ್ಣು ಕಿರಿದು ಮಾಡಿ ಗುಡ್ಡದ ಕಡೆ ತಿರುಗಿದಳು.